ಬ್ಯಾಡ್ಜ್ ಇರಲಿ, ಮೊದಲು ಅಡಿ ನೋಡಿ

ಹಾಸ್ಟೆಲ್‌ನಲ್ಲಿ ಕಾರಿನ ಮಾತು ಶುರುವಾದರೆ ಎಲ್ಲರಿಗೂ ಬೇಕಾದ್ದು ಎರಡೇ ಸಂಖ್ಯೆ: ಎಷ್ಟು ಬಿಎಚ್‌ಪಿ, ಒಟ್ಟು ಎಷ್ಟು ಕಾರು ಬಿಟ್ಟಿದ್ದಾರೆ. 2020ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಬಂದಾಗ ಭಾರತದ ಪಾಲಿಗೆ ಸಿಕ್ಕಿದ್ದು ಬರೀ 200. ಈಗಲೂ ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ‘200ರಲ್ಲಿ ಒಂದು’ ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ. ಕಾರಿನ ಅಡಿಭಾಗದ ಫೋಟೊ ಹಾಕಿದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ.

ನಮ್ಮ ಮನೆಯಲ್ಲಿರುವುದು ಅದರ ಅಜ್ಜ. 2005ರ ಆರ್‌ಎಸ್, 1.8 ಲೀಟರ್ ಟರ್ಬೊ ಪೆಟ್ರೋಲ್, 150 ಬಿಎಚ್‌ಪಿ. ಹಣ ಅಣ್ಣನದು, ತೊಳೆಯುವ ಕೆಲಸ ನನ್ನದು. (ಹಿಂಬಾಗಿಲು ಗಾಜಿನ ಸಮೇತ ಮೇಲೇಳುವ ಕಾರನ್ನು ಸೆಡಾನ್ ಎನ್ನಬಹುದೇ ಎಂಬ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.) ಮನೆ ಉಡುಪಿ ಹತ್ತಿರ, ಸಮುದ್ರಕ್ಕೆ ಎರಡೇ ಕಿಲೋಮೀಟರ್. ಹಾಗಾಗಿ ಕಾರು ನೋಡಲು ಹೋದಾಗ ನಾವು ಬಾನೆಟ್ ಎತ್ತುವ ಮೊದಲು ಮ್ಯಾಟ್ ಎತ್ತಿದೆವು.

ಎಂಜಿನ್ ಕೆಟ್ಟರೆ ದಾರಿಯಿದೆ. ಇದೇ 1.8 ಟರ್ಬೊ ಎಂಜಿನ್ ಫೋಕ್ಸ್‌ವ್ಯಾಗನ್, ಆಡಿ ಕಾರುಗಳಲ್ಲೂ ಇತ್ತು. ಹುಡುಕಿದರೆ ಬಿಡಿಭಾಗ ಸಿಗುತ್ತದೆ. ತಗಡು ಹೋದರೆ ಕಷ್ಟ. ಕಾರು ಎಷ್ಟು ಅಪರೂಪವೋ ಅದರ ಬಂಪರ್, ಫೆಂಡರ್ ಹುಡುಕುವುದೂ ಅಷ್ಟೇ ಕಷ್ಟ. ಅಪರೂಪದ್ದು ಎಂದು ಹೆಚ್ಚು ಬೆಲೆ ಕೊಡುವವರು ಇದನ್ನೇ ಮರೆಯುತ್ತಾರೆ.

‘ಇದು ಜಿಂಕ್ ಲೇಪನದ ಬಾಡಿ, ತುಕ್ಕು ಹಿಡಿಯಲ್ಲ’ ಎನ್ನುವವರಿದ್ದಾರೆ. ಲೇಪನ ಇರುವ ತನಕ ಮಾತು ನಿಜ. ಜಿಂಕ್ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ಅದು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಅಪಘಾತವಾದ ಕಾರಿಗೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಜಿಂಕ್ ಆವಿಯಾಗಿ ಹೋಗಿರುತ್ತದೆ. ಮೇಲೆ ಪುಟ್ಟಿ, ಪೇಂಟ್ ಬಳಿದು ಕೊಟ್ಟರೆ ನಮ್ಮ ಕರಾವಳಿಯ ಉಪ್ಪುಗಾಳಿಗೆ ಅಷ್ಟು ಸಾಕು.

ಅದಕ್ಕೇ ನನ್ನ ಜೇಬಿನಲ್ಲಿ ಒಂದು ಅಯಸ್ಕಾಂತ, ತೆಳು ಬಟ್ಟೆಯಲ್ಲಿ ಸುತ್ತಿದ್ದು. ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಬಾಗಿಲ ಅಂಚು, ಎಲ್ಲ ಕಡೆ ಹಿಡಿದು ನೋಡುತ್ತೇನೆ. ಅಂಟದೆ ಜಾರಿದರೆ ಒಳಗೆ ಪುಟ್ಟಿ ದಪ್ಪಗಿದೆ ಎಂದರ್ಥ. ಆಮೇಲೆ ಸ್ಟೆಪ್ನಿ ಎತ್ತಿ ಅದರ ಗುಂಡಿ, ಬ್ಯಾಟರಿ ಕೆಳಗಿನ ತಟ್ಟೆ, ಜಾಕ್ ಕೊಡುವ ಜಾಗ, ಬಾಗಿಲ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳು. ಆ ತೂತುಗಳಿಗೆ ಮಣ್ಣು ಕಟ್ಟಿದ್ದರೆ ಮಳೆನೀರು ಬಾಗಿಲೊಳಗೇ ನಿಂತಿರುತ್ತದೆ. ಪೇಂಟ್ ಮೇಲಿನ ಗುಳ್ಳೆ ಚಿಕ್ಕದು ಎಂದು ಬಿಡಬೇಡಿ. ಕಬ್ಬಿಣಕ್ಕಿಂತ ತುಕ್ಕಿಗೆ ಹೆಚ್ಚು ಜಾಗ ಬೇಕು, ಒಳಗೆ ಉಬ್ಬಿದ್ದೇ ಹೊರಗೆ ಗುಳ್ಳೆಯಾಗುವುದು. ಕಾರಿನ ಅಡಿಗೆ ಹೊಚ್ಚಹೊಸ ಕಪ್ಪು ಕೋಟಿಂಗ್ ಕಂಡರಂತೂ ನನಗೆ ಅನುಮಾನ ದುಪ್ಪಟ್ಟು.

ಬೆಂಗಳೂರಿನ ಕಾರು ಕ್ಷೇಮ ಅಂತಲೂ ಅಲ್ಲ. 2022ರ ಸೆಪ್ಟೆಂಬರ್ ಮಳೆಗೆ ಅಲ್ಲಿನ ಬಡಾವಣೆಗಳಲ್ಲಿ ಐಷಾರಾಮಿ ಕಾರುಗಳೂ ಮುಳುಗಿದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದೇವೆ. ಸೀಟ್‌ಬೆಲ್ಟನ್ನು ಪೂರ್ತಿ ಎಳೆದು ನೋಡಿ. ಕೊನೆಯಲ್ಲಿ ಕೆಸರಿನ ಗೆರೆ ಇದ್ದರೆ ಸುಮ್ಮನೆ ವಾಪಸ್ ಬನ್ನಿ.

ಇಷ್ಟೆಲ್ಲ ಹೇಳಲು ಇನ್ನೊಂದು ಕಾರಣವಿದೆ. ದೆಹಲಿಯಲ್ಲಿ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಎಂದು ಗಡಿ ಹಾಕಿದರು. ನಮ್ಮಲ್ಲಿ 15 ವರ್ಷವಾದ ಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಅದೇ ಸರಿ ಎಂದು ನನಗನ್ನಿಸುತ್ತದೆ. ಆದರೆ ನಮ್ಮ ಕಾರಿನ ತಪಾಸಣೆಯ ದಿನ ಲೈಟ್, ಹಾರ್ನ್, ಚಾಸಿ ನಂಬರ್ ನೋಡಿದರೇ ಹೊರತು ಯಾರೂ ಬಗ್ಗಿ ಅಡಿ ನೋಡಲಿಲ್ಲ. ಸಸ್ಪೆನ್ಷನ್ ಕೂತಿರುವ ಜಾಗ ಟೊಳ್ಳಾಗಿದ್ದರೆ 100ರ ವೇಗದಲ್ಲಿ ಅದು ಕಾರಿನಲ್ಲಿರುವವರ ಪ್ರಾಣದ ಪ್ರಶ್ನೆ. 8 ವರ್ಷದ ಕಾರೂ ಹಾಗಾಗಿರಬಹುದು, 20 ವರ್ಷದ್ದು ಗಟ್ಟಿಯಾಗಿಯೂ ಇರಬಹುದು. ವರ್ಷ ಎಣಿಸುವುದಕ್ಕಿಂತ ಕಾರನ್ನು ಲಿಫ್ಟ್ ಮೇಲೆ ಏರಿಸಿ ಸುತ್ತಿಗೆಯ ಹಿಡಿಯಿಂದ ನಾಲ್ಕು ಕಡೆ ಬಡಿದು ನೋಡುವುದನ್ನು ಕಡ್ಡಾಯ ಮಾಡಲಿ. ಹತ್ತು ನಿಮಿಷದ ಕೆಲಸ.

ನಮ್ಮದನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಲಿಫ್ಟ್‌ಗೆ ಹಾಕಿಸುತ್ತೇವೆ. ಹೋದ ಸಲ ಎಡಗಡೆ ಹಿಂಚಕ್ರದ ಕಮಾನಿನಲ್ಲಿ ಕಡಲೆಕಾಳಿನಷ್ಟು ತುಕ್ಕು ಸಿಕ್ಕಿತು. ಟಿಂಕರ್ ಅದನ್ನು ಬರೀ ತಗಡು ಕಾಣುವವರೆಗೆ ಉಜ್ಜಿ ಪ್ರೈಮರ್ ಹೊಡೆದು ಕೊಟ್ಟರು. ಅದರ ಮೇಲಿನ ಪೇಂಟ್ ಬಣ್ಣ ಸ್ವಲ್ಪ ಬೇರೆಯಾಗಿದೆ. ಅಣ್ಣನಿಗೆ ಬೇಜಾರು, ನನಗಿಲ್ಲ.