ಆಹಾರ್ಯವೇ ಪಾತ್ರವಾದಾಗ

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಆಹಾರ್ಯವೆಂದರೆ ಉಡುಗೆ, ಆಭರಣ, ಮುಖವರ್ಣಿಕೆ ಮುಂತಾಗಿ ನಟನು ಹೊರಗಿನಿಂದ ತಂದು ತೊಟ್ಟುಕೊಳ್ಳುವುದೆಲ್ಲ, ಸಾತ್ವಿಕವೆಂದರೆ ಕಣ್ಣೀರು, ರೋಮಾಂಚ, ಕಂಪನಗಳಂತೆ ಒಳಗಿನ ಭಾವವು ಮೈಮೇಲೆ ತಾನಾಗಿ ಮೂಡುವುದು. ಉಡುಗೆಯು ಪಾತ್ರಕ್ಕೆ ಒದಗಿಬರಬಹುದು, ತಾನೇ ಪಾತ್ರವಾಗಲಾರದು ಎಂಬುದು ರಂಗವಿಮರ್ಶೆಯಲ್ಲಿ ಯಾರೂ ಹೇಳದೆಯೇ ಎಲ್ಲರೂ ಒಪ್ಪಿಕೊಂಡ ಮಾತಿನಂತಿದೆ. ಕನ್ನಡ ಪತ್ರಿಕೆಗಳಲ್ಲೂ ಫ್ಯಾಷನ್ನಿಗೆ ಪುರವಣಿಯ ಬಣ್ಣದ ಪುಟ ದೊರೆಯುತ್ತದೆಯೇ ಹೊರತು ವಿಮರ್ಶೆಯ ಪುಟ ದೊರೆಯುವುದು ಅಪರೂಪ. ಹೀಗಿರುವಾಗ ಬರಿಯ ಉಡುಗೆಯನ್ನು ನೋಡಿ, ಅದೂ ಮಾರಾಟಕ್ಕೆಂದು ತಂದ ಉಡುಗೆಯನ್ನು ನೋಡಿ, ಕಣ್ಣೀರು ಬರುವುದಾದರೆ ಅದನ್ನು ಏನೆಂದು ಕರೆಯಬೇಕು?

ಫ್ಯಾಷನ್ ವೀಕ್ ಹುಟ್ಟಿನಿಂದಲೇ ವ್ಯಾಪಾರದ ಸಂತೆ. ಎರಡನೆಯ ಮಹಾಯುದ್ಧದಿಂದಾಗಿ ಪ್ಯಾರಿಸ್ಸಿನ ದಾರಿ ಮುಚ್ಚಿದ್ದಾಗ, 1943ರಲ್ಲಿ, ಎಲಿನಾರ್ ಲ್ಯಾಂಬರ್ಟ್ ಎಂಬ ಪ್ರಚಾರ ನಿಪುಣೆ ನ್ಯೂಯಾರ್ಕಿನಲ್ಲಿ ಪತ್ರಕರ್ತರಿಗಾಗಿ ಏರ್ಪಡಿಸಿದ ‘ಪ್ರೆಸ್ ವೀಕ್’ ಅದರ ಮೊದಲ ರೂಪ. ಇಂದು ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ನಗರಗಳಲ್ಲಿ ಮುಂದಿನ ಋತುವಿನ ಉಡುಪುಗಳನ್ನು ಅಂಗಡಿಯವರಿಗೂ ಪತ್ರಿಕೆಯವರಿಗೂ ತಿಂಗಳುಗಳ ಮೊದಲೇ ತೋರಿಸುವ ಸರಣಿಯಾಗಿ ವರ್ಷಕ್ಕೆರಡು ಬಾರಿ ಅದು ನಡೆಯುತ್ತದೆ. ಒಂದೊಂದು ಪ್ರದರ್ಶನವೂ ಕೆಲವೇ ನಿಮಿಷಗಳದ್ದು. ಅಲ್ಲಿ ಕಥೆಯಿಲ್ಲ, ಮಾತಿಲ್ಲ, ರ‍್ಯಾಂಪಿನ ಮೇಲೆ ನಡೆಯುವ ಮಾಡೆಲ್‌ಗಳು ಮುಖದಲ್ಲಿ ಯಾವ ಭಾವವನ್ನೂ ತೋರಗೊಡದಿರುವುದೇ ರೂಢಿ.

ಈ ರೂಢಿಯೊಳಗಿದ್ದೇ ಅದನ್ನು ಮೀರಿದ ಪ್ರದರ್ಶನವೊಂದು 1998ರ ಸೆಪ್ಟೆಂಬರ್ 27ರಂದು ಲಂಡನ್ನಿನ ಗೋದಾಮೊಂದರಲ್ಲಿ ನಡೆಯಿತು. ಟ್ಯಾಕ್ಸಿ ಚಾಲಕರೊಬ್ಬರ ಮಗನಾಗಿ ಹುಟ್ಟಿ, ಹದಿಹರೆಯದಲ್ಲೇ ಸ್ಯಾವಿಲ್ ರೋ ಎಂಬ ಹೆಸರಾಂತ ದರ್ಜಿಬೀದಿಯಲ್ಲಿ ಕೋಟು ಹೊಲಿಯುವುದನ್ನು ಕಲಿತ ಅಲೆಕ್ಸಾಂಡರ್ ಮೆಕ್‌ಕ್ವೀನ್ ಅವರ ಹದಿಮೂರನೆಯ ಸಂಗ್ರಹ ಅದಾಗಿದ್ದು, ಅದರ ಹೆಸರೂ ‘ನಂ. 13’ ಎಂದೇ ಇತ್ತು. ಯಂತ್ರದ ಉತ್ಪಾದನೆಗೆ ಎದುರಾಗಿ ಕೈಕೆಲಸದ ಘನತೆಯನ್ನು ಎತ್ತಿಹಿಡಿದ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಚಳವಳಿಯ ನೆನಪು ಆ ಸಂಗ್ರಹದ ಉದ್ದಕ್ಕೂ ಹರಡಿತ್ತು.

ಕೊನೆಯ ದೃಶ್ಯದಲ್ಲಿ ಶಾಲೋಮ್ ಹಾರ್ಲೋ ಎಂಬ ಮಾಡೆಲ್ ಬಿಳಿಯ ಮಸ್ಲಿನ್ ನಿಲುವಂಗಿ ತೊಟ್ಟು ಬಂದು, ನೆಲಮಟ್ಟದ ಗುಂಡನೆಯ ಹಲಗೆಯೊಂದರ ಮೇಲೆ ನಿಂತಳು. ಎದೆಯ ಮೇಲ್ಭಾಗದಲ್ಲಿ ಚರ್ಮದ ಪಟ್ಟಿಯೊಂದರಿಂದ ಬಿಗಿದಿದ್ದ ಆ ನಿಲುವಂಗಿ ಅಲ್ಲಿಂದ ಕೆಳಕ್ಕೆ ಗಂಟೆಯಂತೆ ಅಗಲವಾಗಿ ಇಳಿದಿತ್ತು, ಒಳಗೆ ಬಲೆಯಂಥ ಬಟ್ಟೆಯ ಲಂಗವಿತ್ತು. (ಮಸ್ಲಿನ್ ಎಂಬುದು ಸಾದಾ ಹತ್ತಿಬಟ್ಟೆ, ಪಶ್ಚಿಮದ ಹೊಲಿಗೆಮನೆಗಳಲ್ಲಿ ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಮಾದರಿ ಹೊಲಿದು ನೋಡಲು ಬಳಕೆಯಾಗುವುದೂ ಇಂಥದೇ ಬಟ್ಟೆ.) ಹಲಗೆ ನಿಧಾನವಾಗಿ ತಿರುಗತೊಡಗಿದಾಗ, ಕಾರು ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವಂಥ ಎರಡು ರೋಬೋಗಳು ಇಕ್ಕೆಲಗಳಲ್ಲಿ ನಿದ್ದೆಯಿಂದ ಎದ್ದಂತೆ ಕತ್ತು ಚಾಚಿ, ಅವಳನ್ನು ಮೂಸಿ ನೋಡುವಂತೆ ಹತ್ತಿರ ಸರಿದು ಹಿಂದೆಗೆದು, ಒಮ್ಮೆಲೇ ಕಪ್ಪು ಮತ್ತು ಹಳದಿ ಬಣ್ಣವನ್ನು ಚಿಮ್ಮಿಸತೊಡಗಿದವು. ತೋಳುಗಳಿಂದ ಮುಖ ಮರೆಸಿಕೊಳ್ಳುತ್ತ, ಬಾಗುತ್ತ, ತಿರುಗುತ್ತ ಇದ್ದ ಅವಳ ಬಿಳಿಯ ಬಟ್ಟೆಯ ಮೇಲೆ ಗೀರುಗಳು ಅಡ್ಡಾದಿಡ್ಡಿಯಾಗಿ ಬಿದ್ದವು. ಯಂತ್ರಗಳು ಸುಮ್ಮನಾದ ಮೇಲೆ ಅವಳು ತೂರಾಡುತ್ತ ಪ್ರೇಕ್ಷಕರತ್ತ ನಡೆದುಬಂದಳು. ಪರಸ್ಪರ ಕೆಂಪು ಬಣ್ಣ ಸಿಡಿಸುವ ಎರಡು ಬಂದೂಕುಗಳನ್ನು ಇಟ್ಟು ಜರ್ಮನಿಯ ಕಲಾವಿದೆ ರೆಬೆಕ್ಕಾ ಹಾರ್ನ್ ರಚಿಸಿದ್ದ ಕೃತಿಯೊಂದು ಈ ದೃಶ್ಯಕ್ಕೆ ಪ್ರೇರಣೆ. ತನ್ನ ಪ್ರದರ್ಶನಗಳಲ್ಲಿ ತನ್ನನ್ನೇ ಅಳಿಸಿದ್ದು ಇದೊಂದು ಮಾತ್ರ ಎಂದು ಮೆಕ್‌ಕ್ವೀನ್ ಮುಂದೆ ಹೇಳಿಕೊಂಡದ್ದುಂಟು.

ಯಕ್ಷಗಾನವನ್ನು ಬಲ್ಲ ಕನ್ನಡ ಓದುಗರಿಗೆ ಈ ದೃಶ್ಯದ ಮರ್ಮ ಬೇಗ ಹೊಳೆಯಬಹುದು. ಯಕ್ಷಗಾನದಲ್ಲಿ ಬಣ್ಣ ಹಚ್ಚುವುದು, ವೇಷ ಕಟ್ಟುವುದು ಚೌಕಿ ಎಂಬ ಬಣ್ಣದ ಮನೆಯೊಳಗೆ ನಡೆದು, ರಂಗಸ್ಥಳಕ್ಕೆ ಬರುವುದು ಪೂರ್ಣಗೊಂಡ ವೇಷ. ಲಂಡನ್ನಿನಲ್ಲಿ ಚೌಕಿಯೇ ರಂಗಸ್ಥಳಕ್ಕೆ ಬಂದಿತ್ತು, ಮತ್ತು ಬಣ್ಣ ಹಚ್ಚುವ ಕೈಗಳು ಮನುಷ್ಯರವಾಗಿರಲಿಲ್ಲ. ಕೈಯಿಂದ ಹೊಲಿದ ಉಡುಗೆಯನ್ನು ಯಂತ್ರವು ಹಾಳು ಮಾಡುತ್ತಿದೆಯೋ ಮುಗಿಸಿಕೊಡುತ್ತಿದೆಯೋ ಎಂಬುದು ಕೊನೆಯವರೆಗೂ ತೀರ್ಮಾನವಾಗದೆ ಉಳಿಯುವುದರಲ್ಲೇ ಆ ದೃಶ್ಯದ ಶಕ್ತಿಯಿದೆ. ನೋಡುವವರ ಕಣ್ಣೀರು ಹಾರ್ಲೋ ಎಂಬ ವ್ಯಕ್ತಿಗಾಗಿ ಬಂದದ್ದಲ್ಲ. ಭಾವವು ಇಂಥವರದೆಂಬ ಗುರುತು ಕಳಚಿಕೊಂಡು ಎಲ್ಲರದಾಗುವುದನ್ನು ಕಾವ್ಯಮೀಮಾಂಸಕ ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದನಷ್ಟೆ. ಇಲ್ಲಿ ಆ ಕೆಲಸವನ್ನು ಮಾತಾಗಲಿ ಕಥೆಯಾಗಲಿ ಅಲ್ಲ, ಬಟ್ಟೆಯೇ ಮಾಡಿತು.

ಅದೇ ಪ್ರದರ್ಶನವನ್ನು ಆರಂಭಿಸಿದವರು, ಒಂದನೆಯ ವಯಸ್ಸಿನಲ್ಲೇ ಎರಡೂ ಮೊಣಕಾಲುಗಳ ಕೆಳಗಿನ ಭಾಗವನ್ನು ಕಳೆದುಕೊಂಡು, 1996ರ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿದ್ದ ಏಮೀ ಮುಲಿನ್ಸ್. ಅವರಿಗಾಗಿ ಮರದಲ್ಲಿ ದ್ರಾಕ್ಷಿಬಳ್ಳಿ, ಹೂಗಳನ್ನು ಕೊರೆದು ಮಾಡಿದ ಕೃತಕ ಕಾಲುಗಳನ್ನು ನೋಡಿದವರಲ್ಲಿ ಹಲವರು ಅವನ್ನು ಅಂದದ ಬೂಟುಗಳೆಂದೇ ಭಾವಿಸಿದರು. ಆಹಾರ್ಯಕ್ಕೂ ಅಂಗಕ್ಕೂ ನಡುವಿನ ಗೆರೆ ಇಷ್ಟು ಸದ್ದಿಲ್ಲದೆ ಅಳಿಸಿಹೋದ ಇನ್ನೊಂದು ಸಂದರ್ಭವನ್ನು ರ‍್ಯಾಂಪಿನ ಇತಿಹಾಸದಲ್ಲಿ ಹುಡುಕುವುದು ಕಷ್ಟ.

2022ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ಕೊಪರ್ನಿ ಎಂಬ ಫ್ಯಾಷನ್ ಸಂಸ್ಥೆಯು ಮಾಡೆಲ್ ಬೆಲ್ಲಾ ಹದೀದ್ ಅವರ ಮೈಮೇಲೆ ದ್ರವರೂಪದ ನಾರನ್ನು ಸಿಂಪಡಿಸಿ, ಅದು ಒಣಗಿ ಬಟ್ಟೆಯಾಗುವುದನ್ನು ತೋರಿಸಿದಾಗ ಹಲವರು 1998ರ ದೃಶ್ಯವನ್ನು ನೆನೆದರು. ಹೋಲಿಕೆ ಸಹಜವಾದರೂ ಅದು ಹೊರಗಿನದು. ಪ್ಯಾರಿಸ್ಸಿನದು ಅದ್ಭುತರಸ, ಲಂಡನ್ನಿನದು ಕರುಣ. ಮನುಷ್ಯರೇ ಸಿಂಪಡಿಸಿದ ಪ್ಯಾರಿಸ್ಸಿನ ದೃಶ್ಯ ತಂತ್ರಜ್ಞಾನದ ಪ್ರಾತ್ಯಕ್ಷಿಕೆಯಾಗಿ ಉಳಿದು, ಯಂತ್ರಗಳು ಸಿಂಪಡಿಸಿದ ಇನ್ನೊಂದು ಮನುಷ್ಯರ ಪಾಡನ್ನು ಹೇಳಿದ್ದು ವಿಚಿತ್ರವೇ ಸರಿ.

ಇಂಥ ಭಾವುಕತೆಯೂ ಅಂತಿಮವಾಗಿ ಸರಕಿನ ಜಾಹೀರಾತೇ ಎಂಬ ಆಕ್ಷೇಪ ನಿರಾಧಾರವಲ್ಲ. ಆದರೆ ಕಲೆಯ ಹಿಂದೆ ಹಣವಿದೆಯೆಂದು ತೋರಿಸಿಕೊಟ್ಟ ಮಾತ್ರಕ್ಕೆ ಕಲೆಯ ವಿವರಣೆ ಮುಗಿಯುವುದಿಲ್ಲ, ಅರಮನೆಗಳ ಅನ್ನ ಉಂಡ ಕವಿಗಳ ವಿಷಯದಲ್ಲಿ ಈ ವಿವೇಕವನ್ನು ಕನ್ನಡ ವಿಮರ್ಶೆ ಎಂದೋ ತೋರಿದೆ. ಮೆಕ್‌ಕ್ವೀನ್ 2010ರಲ್ಲಿ ತೀರಿಕೊಂಡರು. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಏರ್ಪಡಿಸಿದ ಅವರ ಉಡುಗೆಗಳ ಪ್ರದರ್ಶನಕ್ಕೆ ಆರೂವರೆ ಲಕ್ಷಕ್ಕೂ ಹೆಚ್ಚು ಜನ ಬಂದರು.

ಉಡುಗೆಯನ್ನು ಕೃತಿಯಂತೆ ಓದುವ ಬರಹ ಕನ್ನಡದಲ್ಲಿ ಇನ್ನೂ ತೀರ ವಿರಳ. ಚೌಕಿಯಲ್ಲಿ ವೇಷ ಕಟ್ಟುವವರು, ಇಳಕಲ್ಲಿನ ಮಗ್ಗಗಳ ಮುಂದೆ ಕುಳಿತವರು, ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊರದೇಶಗಳ ಅಂಗಡಿಗಳಿಗಾಗಿ ದಿನವಿಡೀ ಹೊಲಿಯುವವರು ಬಟ್ಟೆಯ ಬಗ್ಗೆ ಬಲ್ಲದ್ದನ್ನು ಬರೆದರೆ, ಅಥವಾ ಹೇಳಿ ಬರೆಸಿದರೆ, ಅದನ್ನು ಪ್ರಕಟಿಸಲು ಈ ಪತ್ರಿಕೆ ಸಿದ್ಧವಿದೆ, ಲೇಖನಗಳಿಗೆ ಸ್ವಾಗತ.