ಮೊದಲು ಹೇಳ್ತೀನಿ, ಕೊನೆ ಹೇಳ್ತೀನಿ, ಯಾವ ಸಿನಿಮಾ?

ಶನಿವಾರ ಹೊಂಗೆ ಮರದ ಕೆಳಗೆ ನಾವಾಡುವ ಆಟ ನಿಮಗೆ ಗೊತ್ತೇ ಇದೆ. ಸಿನಿಮಾದ ಮೊದಲು, ಕೊನೆ ಮಾತ್ರ ಹೇಳಬೇಕು. ಮಾತು ನೆನಪಿಲ್ಲದಿದ್ದರೆ ಕಥೆ ಹೇಳಿದರೂ ಸರಿ. “ಅಕ್ಕನ ಊರಿಗೆ ಬರ್ತಾನೆ, ಕೊನೆಗೆ ಮನೆ ಬಿಟ್ಟು ಹೊರಟೋಗ್ತಾನೆ” ಅಂದರೆ ಚಿಕ್ಕ ಮಕ್ಕಳೂ ‘ಬಂಗಾರದ ಮನುಷ್ಯ’ ಅಂತಾರೆ. 1972ರ ಚಿತ್ರ!

ಹೋದ ವಾರ ನಾನು ಕೇಳಿದೆ: “ಅಣೆಕಟ್ಟಿನ ನೀರಿಗೆ ಊರು ಖಾಲಿಯಾಗುತ್ತೆ. ಕೊನೆಗೆ ಮಳೆಯಲ್ಲಿ ಹೆಣಗಿ ಮನೆ ಉಳಿಸಿದವಳು ಹೆಂಡತಿ. ಗಂಡ ಮಾತ್ರ ದೇವರು ಕಾಪಾಡಿದ ಅಂತಾನೆ.” ಒಬ್ಬರೂ ಹೇಳಲಿಲ್ಲ. ಅದು ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002), ಸ್ವರ್ಣಕಮಲ ಪಡೆದ ಚಿತ್ರ. ನಾಗಿಯ ಪಾತ್ರ ಮಾಡಿ, ದುಡ್ಡೂ ಹಾಕಿದವರು 2004ರಲ್ಲಿ ತೀರಿಹೋದ ಸೌಂದರ್ಯ. ನಮ್ಮ ಮುಳಬಾಗಿಲು ತಾಲ್ಲೂಕಿನವರೇ! “ಓ, ‘ಅಮ್ಮೋರು’ ಸೌಂದರ್ಯನಾ?” ಅಂದರು. ತೆಲುಗು ಸಿನಿಮಾ ಆದರೆ ಎಲ್ಲರಿಗೂ ಗೊತ್ತು.

“ಇಂಥದ್ದು ಕೇಳಬಾರದು” ಎಂದು ಹುಡುಗರ ಗಲಾಟೆ. ನಾನು ಒಪ್ಪೋದಿಲ್ಲ. ಎಲ್ಲರಿಗೂ ಗೊತ್ತಿರೋದು ಮಾತ್ರ ಒಳ್ಳೇ ಚಿತ್ರವೇ? ಆ ಕೊನೆಯನ್ನು ಮನೆಯಲ್ಲಿ ಹೇಳಿದಾಗ ಅಮ್ಮ ಸುಮ್ಮನಾಗಿಬಿಟ್ಟರು. ನಸುಕಿಗೇ ಎದ್ದು ಟಮಾಟೊ ತೋಟಕ್ಕೆ ನೀರು ಕಟ್ಟೋದು ಅವರೇ. ಬೆಳೆ ಬಂದರೆ ಅಪ್ಪ “ಎಲ್ಲಾ ವೆಂಕಟರಮಣಸ್ವಾಮಿ ದಯೆ” ಅಂತಾರೆ.

ಈ ಶನಿವಾರವೂ ನಾನು ಅದನ್ನೇ ಕೇಳ್ತೀನಿ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ