ನೆಲದಡಿ ತೈಲ, ನೆಲದ ಮೇಲೆ ರೈತ: ಶೇ 10ರ ಪರಿಹಾರ ಯಾವ ನ್ಯಾಯ?

ತುಮಕೂರು: ಕರ್ನಾಟಕದಲ್ಲಿ ಕಚ್ಚಾ ತೈಲ ಘಟ್ಟ ಹತ್ತುವುದಿಲ್ಲ. ಹಡಗಿನಲ್ಲಿ ಬಂದ ತೈಲವು ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರದಲ್ಲಿ ಪೆಟ್ರೋಲು, ಡೀಸೆಲ್‌ಗಳಾಗಿ ಮಾರ್ಪಟ್ಟ ಬಳಿಕವೇ ಕೊಳವೆಯೊಳಗೆ ಬಯಲುಸೀಮೆಯತ್ತ ಹೊರಡುತ್ತದೆ. ಅಡುಗೆ ಅನಿಲ ಹಾಗೂ ನೈಸರ್ಗಿಕ ಅನಿಲಕ್ಕೂ ಈಗ ಪ್ರತ್ಯೇಕ ಮಾರ್ಗಗಳಿವೆ. ಇಂಧನ ಸಾಗಣೆ ಸುಲಭವಾಗಿದೆ, ನಗರಗಳ ಬಂಕುಗಳು ಬರಿದಾಗುವುದಿಲ್ಲ. ಆದರೆ ಕೊಳವೆ ಹಾದುಹೋಗುವ ಜಮೀನಿನ ಒಡೆಯನಿಗೆ ಸಿಗುವುದೇನು ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಕೊಡುತ್ತಿರುವುದು 1962ರ ಒಂದು ಕಾಯ್ದೆ.

ಘಟ್ಟ ಹತ್ತಿದ ಕೊಳವೆ

ಮಂಗಳೂರು–ಹಾಸನ–ಬೆಂಗಳೂರು ತೈಲ ಕೊಳವೆ ಮಾರ್ಗ ಕಾರ್ಯಾರಂಭ ಮಾಡಿದ್ದು 2003ರಲ್ಲಿ. ಸುಮಾರು 360 ಕಿಲೋಮೀಟರ್ ಉದ್ದದ ಈ ಮಾರ್ಗವು ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಮತ್ತೆ ಒತ್ತಡ ಪಡೆದು ಘಟ್ಟ ಏರಿ, ಹಾಸನದ ಮೂಲಕ ಹೊಸಕೋಟೆ ತಾಲ್ಲೂಕಿನ ದೇವನಗೊಂದಿ ತಲುಪುತ್ತದೆ. ಪೆಟ್ರೋಲು, ಡೀಸೆಲ್ ಎಲ್ಲವೂ ಒಂದೇ ಕೊಳವೆಯಲ್ಲಿ ಒಂದರ ಹಿಂದೆ ಒಂದರಂತೆ ಸಾಗುತ್ತವೆ. ನಂತರದ ವರ್ಷಗಳಲ್ಲಿ ಮಂಗಳೂರು–ಹಾಸನ–ಮೈಸೂರು–ಸೋಲೂರು ಎಲ್‌ಪಿಜಿ ಮಾರ್ಗ ಬಂದಿತು. 2013ರಲ್ಲಿ ಚಾಲನೆಗೊಂಡ ಗೇಲ್ ಸಂಸ್ಥೆಯ ದಾಭೋಲ್–ಬೆಂಗಳೂರು ಅನಿಲ ಮಾರ್ಗವಂತೂ ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾದು ಬಿಡದಿಗೆ ಸಾಗಿದೆ.

ಇದರ ಲಾಭವನ್ನು ಅಲ್ಲಗಳೆಯುವಂತಿಲ್ಲ. ಕೊಳವೆ ಇಲ್ಲದಿದ್ದರೆ ಇಷ್ಟೂ ಇಂಧನ ಶಿರಾಡಿ ಘಾಟಿಯಿಂದ ಕುಣಿಗಲ್‌ವರೆಗೆ ಹೆದ್ದಾರಿಯುದ್ದಕ್ಕೂ ಟ್ಯಾಂಕರುಗಳಲ್ಲಿಯೇ ಉರುಳಬೇಕಿತ್ತು. 2013ರ ಏಪ್ರಿಲ್‌ನಲ್ಲಿ ಇದೇ ಹೆದ್ದಾರಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿಕೊಂಡು ಹಲವರು ಬಲಿಯಾದದ್ದನ್ನು ಕರಾವಳಿ ಮರೆತಿಲ್ಲ.

ಕಾಯ್ದೆ ಹೇಳುವುದೇನು?

ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯ್ದೆಯ ಪ್ರಕಾರ ಸರ್ಕಾರ ಜಮೀನನ್ನು ಕೊಳ್ಳುವುದಿಲ್ಲ, ಅದರ ‘ಬಳಕೆಯ ಹಕ್ಕ’ನ್ನು ಮಾತ್ರ ಪಡೆಯುತ್ತದೆ. ಅಧಿಸೂಚನೆ ಹೊರಟ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ವಾಸದ ಮನೆ ಇರುವ ಜಾಗದ ಅಡಿಯಲ್ಲಿ ಕೊಳವೆ ಹಾಕುವಂತಿಲ್ಲ, ಒಂದು ಮೀಟರ್‌ಗಿಂತ ಕಡಿಮೆ ಆಳದಲ್ಲಿಯೂ ಹಾಕುವಂತಿಲ್ಲ. ಕಾಮಗಾರಿ ಮುಗಿದ ಮೇಲೆ ರೈತ ಮೊದಲಿನಂತೆ ಉಳುಮೆ ಮಾಡಬಹುದು. ಆದರೆ ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಕೆರೆ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆ ಮತ್ತು ಮರಗಳಿಗೆ ಆದ ಹಾನಿಗೆ ಪರಿಹಾರವುಂಟು. ಅದರ ಹೊರತು ಈ ಶಾಶ್ವತ ನಿರ್ಬಂಧಕ್ಕೆ ಸಿಗುವುದು ಅಧಿಸೂಚನೆಯ ದಿನದಂದು ಇದ್ದ ಮಾರುಕಟ್ಟೆ ಬೆಲೆಯ ಶೇ 10 ಮಾತ್ರ, ಅದೂ ಒಂದೇ ಬಾರಿ. ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮೊರೆ ಹೋಗಬಹುದು.

ನಿರ್ಬಂಧ ಅನಗತ್ಯವೆಂದು ಯಾರೂ ಹೇಳಲಾರರು. 2014ರ ಜೂನ್‌ನಲ್ಲಿ ಆಂಧ್ರಪ್ರದೇಶದ ನಗರಂ ಗ್ರಾಮದಲ್ಲಿ ಗೇಲ್ ಅನಿಲ ಕೊಳವೆ ಸ್ಫೋಟಿಸಿ ಹತ್ತಾರು ಮಂದಿ ಸುಟ್ಟು ಸತ್ತರು. ಮರದ ಬೇರು, ಕಟ್ಟಡದ ಅಡಿಪಾಯ ಕೊಳವೆಯಿಂದ ದೂರವಿರುವುದು ಎಲ್ಲರಿಗೂ ಕ್ಷೇಮ. ಪ್ರಶ್ನೆ ಇರುವುದು ನಿರ್ಬಂಧದ ಬಗ್ಗೆ ಅಲ್ಲ, ಅದಕ್ಕೆ ಕಟ್ಟಿದ ಬೆಲೆಯ ಬಗ್ಗೆ.

ತೆಂಗಿನ ತೋಟದ ಲೆಕ್ಕ

ರಾಗಿ ಹೊಲಕ್ಕೆ ಈ ಕಾಯ್ದೆಯಿಂದ ಆಗುವ ನಷ್ಟ ಅಲ್ಪ. ಗುಬ್ಬಿ, ಕುಣಿಗಲ್ ಭಾಗದ ತೆಂಗು, ಅಡಿಕೆ ತೋಟಗಳ ಮಾತು ಬೇರೆ. ಕೊಳವೆಗಾಗಿ ಸಾಮಾನ್ಯವಾಗಿ ಪಡೆಯುವ ಪಟ್ಟಿಯ ಅಗಲ 18 ಮೀಟರ್. ಅದು ತೋಟದೊಳಗೆ 100 ಮೀಟರ್ ಹಾದರೆ ಹೋಗುವುದು ಸುಮಾರು 18 ಗುಂಟೆ. 30 ಅಡಿಗೊಂದರಂತೆ ನೆಟ್ಟ ತೆಂಗಾದರೆ ಇಪ್ಪತ್ತಕ್ಕೂ ಹೆಚ್ಚು ಮರಗಳ ಜಾಗ. ಎಕರೆಗೆ 40 ಲಕ್ಷ ರೂಪಾಯಿ ಬೆಲೆ ಎಂದು ಹಿಡಿದರೂ ಆ 18 ಗುಂಟೆಯ ಬೆಲೆ 18 ಲಕ್ಷ, ಬಳಕೆಯ ಹಕ್ಕಿಗೆ ಕೈಸೇರುವುದು 1.80 ಲಕ್ಷ. ಕಡಿದ ಮರಕ್ಕೆ ಪರಿಹಾರ ಸಿಕ್ಕೀತು, ಆದರೆ ಅದೇ ಜಾಗದಲ್ಲಿ ಮಕ್ಕಳ ಕಾಲಕ್ಕೆಂದು ಮತ್ತೊಂದು ಸಸಿ ನೆಡುವ ಹಕ್ಕು ಮರಳಿ ಬಾರದು.

ಜಮೀನಿನ ಬೆಲೆಯೂ ನಿಂತಲ್ಲಿ ನಿಂತಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಗೊಂಡಿದೆ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ತುಮಕೂರು ಘಟಕಕ್ಕೆ 2020ರಲ್ಲಿಯೇ ಕೇಂದ್ರ ಸಂಪುಟದ ಒಪ್ಪಿಗೆ ದೊರೆತಿದೆ. ನಗರ ತೋಟದ ಬೇಲಿಯವರೆಗೆ ಬಂದಾಗ ಅಕ್ಕಪಕ್ಕದ ಜಮೀನು ನಿವೇಶನವಾಗಬಹುದು, ಕೊಳವೆ ಮೇಲಿನ ಪಟ್ಟಿ ಆಗದು. ಹಳೆಯ ಬೆಲೆಯ ಹತ್ತನೇ ಒಂದು ಭಾಗ ಈ ನಷ್ಟವನ್ನು ತುಂಬಿಕೊಡುವುದಿಲ್ಲ.

ತಮಿಳುನಾಡಿನ ರೈತರು ಈ ಲೆಕ್ಕವನ್ನು ಮೊದಲೇ ಹಾಕಿದ್ದರು. ಗೇಲ್ ಕೊಳವೆಯನ್ನು ಹೆದ್ದಾರಿ ಬದಿಯಲ್ಲಿ ಹಾಕಿ ಎಂದು ಅಲ್ಲಿನ ಸರ್ಕಾರವೇ ಅವರ ಪರ ನಿಂತಿತು. ಆದರೆ 2016ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಕಾಯ್ದೆ ಕೇಂದ್ರದ್ದಾದ್ದರಿಂದ ತಿದ್ದುಪಡಿಯೂ ಸಂಸತ್ತಿನಲ್ಲಿಯೇ ಆಗಬೇಕು. 2011ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದದ್ದು ತೈಲ ಕಳವಿಗೆ ಶಿಕ್ಷೆ ಹೆಚ್ಚಿಸಲು. ಶೇ 10ರ ದರ ಮಾತ್ರ ಕದಲಲಿಲ್ಲ.

ದಾರಿ ತೋರಿದ ಪಾವಗಡ

ವಿದ್ಯುತ್ ಮಾರ್ಗಗಳ ವಿಚಾರದಲ್ಲಿ ಕೇಂದ್ರವೇ ಬೇರೆ ನೀತಿ ಅನುಸರಿಸಿದೆ. 2024ರ ಜೂನ್‌ನ ಮಾರ್ಗಸೂಚಿಯಂತೆ ಗೋಪುರ ನಿಲ್ಲುವ ಜಾಗಕ್ಕೆ ಭೂಮಿಯ ಬೆಲೆಯ ಶೇ 200, ತಂತಿ ಹಾಯುವ ಪಟ್ಟಿಗೆ ಶೇ 30 ಪರಿಹಾರ. ನೆತ್ತಿಯ ಮೇಲಿನ ತಂತಿಗೆ ಶೇ 30, ಕಾಲಡಿಯ ಕೊಳವೆಗೆ ಶೇ 10 ಎಂಬ ತಾರತಮ್ಯಕ್ಕೆ ಸಮರ್ಥನೆ ಏನು?

ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಪಾವಗಡ ಸೋಲಾರ್ ಪಾರ್ಕ್‌ಗೆ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಅಲ್ಲಿ ಸಾಗುವಳಿ ಪೂರ್ತಿ ನಿಲ್ಲುವುದರಿಂದ ಅಷ್ಟೇ ಮೊತ್ತವನ್ನು ಕೊಳವೆಗೂ ಕೇಳಲಾಗದು. ಆದರೆ ಜಮೀನು ಬಳಸುವಷ್ಟು ಕಾಲ ಹಣ ಕೊಡಬೇಕೆಂಬ ತತ್ವ ಎರಡಕ್ಕೂ ಒಂದೇ. ವಾರ್ಷಿಕ ಬಾಡಿಗೆಯಿಂದ ಸಾಗಣೆ ವೆಚ್ಚ ಏರುತ್ತದೆಂಬ ಆಕ್ಷೇಪ ಬರಬಹುದು. ಟ್ಯಾಂಕರ್‌ಗಿಂತ ಅಗ್ಗವೆಂದೇ ಕೊಳವೆ ಹಾಕಿರುವಾಗ, ಆ ಉಳಿತಾಯದಲ್ಲಿ ರೈತನಿಗೊಂದು ಪಾಲು ಕೊಡುವುದು ಹೊರೆಯಾಗದು.

ರಾಜ್ಯ ಸರ್ಕಾರ ತನ್ನ ಮಟ್ಟದಲ್ಲಿ ಮಾಡಬಹುದಾದ ಕೆಲಸವೂ ಇದೆ. ಬಳಕೆಯ ಹಕ್ಕು ಪಡೆದ ಪ್ರತಿ ಸರ್ವೆ ನಂಬರಿನ ಪಹಣಿಯಲ್ಲಿ, ಹಕ್ಕು ಮತ್ತು ಋಣಗಳ ಕಾಲಂನಲ್ಲಿ, ಆ ವಿವರ ತಪ್ಪದೆ ನಮೂದಾಗಬೇಕು. ಇಲ್ಲವಾದರೆ ಬಡಾವಣೆಯಲ್ಲಿ ನಿವೇಶನ ಕೊಂಡವನಿಗೆ ಕೊಳವೆಯ ವಿಷಯ ತಿಳಿಯುವುದು ಪಾಯ ತೆಗೆಯುವ ದಿನವೇ.

ಇದೇ ಅನಿಲ ಇಂದು ತುಮಕೂರು ನಗರದ ಅಡುಗೆಮನೆಗಳನ್ನೂ ತಲುಪುತ್ತಿದೆ. ಇಂಧನದ ಸುಖ ಊರಿಗೆಲ್ಲ ಹಂಚಿಹೋಗುವಾಗ ಅದರ ಭಾರ ಕೆಲವೇ ತೋಟಗಳ ಮೇಲೆ ಉಳಿಯಬಾರದು. ರಾಜ್ಯದ ಸಂಸದರು ಸಂಸತ್ತಿನಲ್ಲಿ ಈ ಪ್ರಶ್ನೆ ಎತ್ತುವರೇ?